ಗುಂಟೆಗೆ ಐವತ್ತು

ಏಪ್ರಿಲ್‌ನಲ್ಲಿ ಮೊದಲ ಜೋರು ಮಳೆ ಬಿದ್ದ ಮರುದಿನ ನನ್ನ ಫೋನು ಹಾಲಿನವನಿಗಿಂತ ಮೊದಲೇ ಎಬ್ಬಿಸುತ್ತದೆ. ಕರೆ ಮಾಡಿದವರು ಬೆಂಗಳೂರಿನ ವಿಜಯನಗರದವರೋ ನಾಗರಬಾವಿಯವರೋ ಆಗಿರುತ್ತಾರೆ. ಸಂಕಟ ಮಾತ್ರ ತಾವರೆಕೆರೆ ಆಚೆಯ ಹೊಂಡದ್ದು. "ಸಾರ್, ನಿನ್ನೆ ಸಂಜೆ ಚೆನ್ನಾಗೇ ಆಡ್ತಿದ್ವು. ಬೆಳಿಗ್ಗೆ ನೋಡಿದ್ರೆ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇವೆ. ಯಾರೋ ವಿಷ ಹಾಕಿರ್ಬೇಕು." ಅಷ್ಟು ಹೊತ್ತಿಗೆ ಪಕ್ಕದ ಜಮೀನಿನವನ ಮೇಲೆ ಅನುಮಾನವೂ ಬಂದಿರುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: ಸತ್ತಿರುವುದು ದೊಡ್ಡವೋ, ಚಿಕ್ಕವೋ?

"ದೊಡ್ಡವೇ ಸಾರ್. ಚಿಕ್ಕವು ಇನ್ನೂ ಓಡಾಡ್ತಾ ಇವೆ."

ಹಾಗಿದ್ದರೆ ಪಕ್ಕದ ಜಮೀನಿನವನ ತಂಟೆಗೆ ಹೋಗಬೇಡಿ. ವಿಷ ಬಿದ್ದಿದ್ದರೆ ಚಿಕ್ಕದು ದೊಡ್ಡದು ಎಂದು ನೋಡದೆ ಎಲ್ಲವನ್ನೂ ತೆಗೆದುಕೊಂಡು ಹೋಗುತ್ತಿತ್ತು, ಕಪ್ಪೆ, ಸೀಗಡಿ, ನೀರಹುಳುಗಳನ್ನೂ ಬಿಡುತ್ತಿರಲಿಲ್ಲ. ದೊಡ್ಡ ಮೀನು ಸತ್ತು ಮರಿ ಉಳಿದಿದೆ ಎಂದರೆ ನೀರಿನಲ್ಲಿ ಉಸಿರು ಸಾಲದೆ ಹೋಗಿದೆ. ದೊಡ್ಡ ಮೈಗೆ ಆಮ್ಲಜನಕ ಹೆಚ್ಚು ಬೇಕು, ಕೊರತೆ ಮೊದಲು ತಟ್ಟುವುದು ಅದಕ್ಕೆ. ಮರಿಗಳು ನೀರಿನ ಮೇಲ್ಪದರದ ತೆಳು ಗಾಳಿಯಲ್ಲೇ ಹೇಗೋ ರಾತ್ರಿ ಕಳೆಯುತ್ತವೆ.

ಮೀನಿಗೂ ರಾಜಾಜಿನಗರ–ವಿಜಯನಗರದವರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಮ್ಮ ಈ ಭಾಗದಲ್ಲಿ ಮೊದಲು ಕೆರೆಗಳಿದ್ದವು. ಕೇತಮಾರನಹಳ್ಳಿ ಕೆರೆ ಇದ್ದ ಜಾಗದಲ್ಲಿ ಈಗ ಮನೆಗಳಿವೆ, ಊರ ನಡುವಿನ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕೆರೆ ಮುಚ್ಚಿದ ಊರಿನವರು ಈಗ ಕಾರು ಹತ್ತಿ ಊರಾಚೆ ಹೊಂಡ ತೋಡಿಸುತ್ತಿದ್ದಾರೆ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ, ಕೆಂಗೇರಿಯಿಂದ ದೊಡ್ಡ ಆಲದ ಮರದ ಕಡೆ, ಬಿಡದಿ ಸುತ್ತಮುತ್ತ ಒಂದೆಕರೆ ಎರಡೆಕರೆ ತೋಟ ಮಾಡಿಕೊಂಡವರು ಬಹಳ. ನಿವೃತ್ತಿ ಹಣದಲ್ಲಿ ಕೊಂಡವರು, ಊರಿನ ಪಾಲಿಗೆ ಬಂದದ್ದನ್ನು ಉಳಿಸಿಕೊಂಡವರು, ಶನಿವಾರ ಭಾನುವಾರಕ್ಕೆಂದು ಹೋಗುವವರು. ತೋಟ ಎಂದಮೇಲೆ ಕೃಷಿ ಹೊಂಡ, ಹೊಂಡ ಎಂದಮೇಲೆ ಮೀನು. 2014ರಲ್ಲಿ ಸರ್ಕಾರ ಕೃಷಿಭಾಗ್ಯ ಯೋಜನೆ ತಂದಮೇಲೆ ಕಪ್ಪು ಪಾಲಿಥಿನ್ ಹೊದಿಸಿದ ಹೊಂಡಗಳು ರಾಜ್ಯದ ತುಂಬ ಕಣ್ಣಿಗೆ ಬೀಳತೊಡಗಿದವು. ಅದು ಮಳೆಯಾಶ್ರಿತ ರೈತನ ಬೆಳೆಗೆ ನೀರು ಹಿಡಿದಿಡುವ ಏರ್ಪಾಡು. ನಮ್ಮ ಪೇಟೆಯವರು ಅದನ್ನು ನೋಡಿ ನೀರಿನ ಜೊತೆಗೆ ಮೀನು, ಮೀನಿನ ಜೊತೆಗೆ ಗಾಳ ಹಾಕಿ ಕೂರುವ ಕಲ್ಲುಬೆಂಚು ಎಂದು ಸೇರಿಸಿಕೊಂಡರು.

ನಮ್ಮ ಭಾವನೂ ಹಾಗೇ ಸೇರಿಸಿಕೊಂಡವರು. ತಾವರೆಕೆರೆಯಿಂದ ಸ್ವಲ್ಪ ಮುಂದೆ ಅವರ ತೋಟ. ಐದು ಗುಂಟೆಯ ಹೊಂಡ, ಅಂದರೆ ಹೆಚ್ಚುಕಡಿಮೆ ಐದೂವರೆ ಸಾವಿರ ಚದರಡಿ. ಮೊದಲ ವರ್ಷ ಅದಕ್ಕೆ ಎರಡು ಸಾವಿರ ಮರಿ ಬಿಟ್ಟರು. ಎಷ್ಟು ಬಿಡಬೇಕೆಂದು ಯಾರನ್ನೂ ಕೇಳಲಿಲ್ಲ. ಮರಿ ಮಾರಿದವನು ಬೇಡ ಎನ್ನಲಿಲ್ಲ, ಅವನು ಯಾಕೆ ಅಂದಾನು. "ಅರ್ಧ ಸತ್ತೋದ್ರೂ ಸಾವಿರ ಉಳೀತದಲ್ಲಪ್ಪಾ" ಎಂಬುದು ಭಾವನ ಲೆಕ್ಕ. ಅರ್ಧ ಸಾಯಲಿಲ್ಲ. ಅದೇ ತೊಂದರೆಯಾದದ್ದು.

ವರ್ಷ ಕಳೆದ ಮೇಲೆ ಮಂಚನಬೆಲೆ ಕಡೆಯ ಹಿರಿಯರೊಬ್ಬರನ್ನು ಬಲೆ ಬೀಸಲು ಕರೆಸಿದೆವು. ಅವರು ಬೀಸುಬಲೆಯನ್ನು ಮೊಣಕೈ ಮೇಲೆ ಮಡಿಸಿಕೊಂಡು, ಅಂಚಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಬೀಸಿದರು. ಬಲೆ ಗಾಳಿಯಲ್ಲಿ ದುಂಡಗೆ ಅರಳಿ, ಅಂಚಿನ ಸೀಸದ ಗುಂಡುಗಳೆಲ್ಲ ಒಟ್ಟಿಗೆ ನೀರಿಗೆ ಬಿದ್ದ ಸದ್ದಾಯಿತು. ಎಳೆದರೆ ತುಂಬ ಮೀನು. ಭಾವನ ಮುಖ ಅರಳಿತು. ಹಿರಿಯರು ಒಂದು ರೋಹುವನ್ನು ಅಂಗೈ ಮೇಲಿಟ್ಟು ನೋಡಿದರು. ತಲೆ ದೊಡ್ಡದು, ಮೈ ಸಣ್ಣದು, ಬೆನ್ನು ಕತ್ತಿಯಂತೆ ಚೂಪು. ತೂಗಿದರೆ ನೂರು ಗ್ರಾಂ ಹತ್ತಿರ. "ಸ್ವಾಮಿ, ಇದು ಮೀನಿನ ಹೊಂಡ ಅಲ್ಲ. ಬೆಳಿಗ್ಗೆ ಎಂಟೂವರೆ ಬಿಎಂಟಿಸಿ ಬಸ್ಸು" ಅಂದರು.

ನನಗೆ ಬರುವ ಎರಡು ಪ್ರಶ್ನೆಗಳಿಗೆ, ಅಂದರೆ ಮೀನು ಯಾಕೆ ಬೆಳೆಯುತ್ತಿಲ್ಲ ಎಂಬುದಕ್ಕೂ ಒಂದೇ ರಾತ್ರಿಯಲ್ಲಿ ಯಾಕೆ ಸತ್ತವು ಎಂಬುದಕ್ಕೂ, ಆ ಬಸ್ಸಿನಲ್ಲೇ ಉತ್ತರವಿದೆ. ಒಂದು ಹೊಂಡ ಎಷ್ಟು ಮೀನು ಹೊರುತ್ತದೆ ಎಂಬುದನ್ನು ತಲೆ ಎಣಿಸಿ ಹೇಳಲಾಗದು, ತೂಕದಲ್ಲಿ ಹೇಳಬೇಕು. ಗೊಬ್ಬರ ಹಾಕಿ, ಮೇವೂ ಕೊಟ್ಟು, ಗಾಳಿಯಾಡಿಸುವ ಯಂತ್ರವಿಲ್ಲದೆ ನಡೆಸುವ ಹೊಂಡದಲ್ಲಿ ಗುಂಟೆಗೆ ಮೂವತ್ತು ಕೆಜಿ ಬಂದರೆ ಚೆನ್ನಾಗಿ ಬಂತೆಂದೇ ಅರ್ಥ. ಐದು ಗುಂಟೆಗೆ ನೂರೈವತ್ತು ಕೆಜಿ. ಇನ್ನೂರು ಮೀನು ಅದನ್ನು ಹಂಚಿಕೊಂಡರೆ ಒಂದೊಂದಕ್ಕೆ ಮುಕ್ಕಾಲು ಕೆಜಿ. ಸಾವಿರದ ಐನೂರು ಹಂಚಿಕೊಂಡರೆ ಒಂದೊಂದಕ್ಕೆ ನೂರು ಗ್ರಾಂ. ಹೊಂಡ ಮೋಸ ಮಾಡಿಲ್ಲ, ತನ್ನ ಪಾಲಿನ ನೂರೈವತ್ತು ಕೆಜಿ ಕೊಟ್ಟೇ ಇದೆ. ನಾವು ಅದನ್ನು ಚಿಲ್ಲರೆ ಮಾಡಿಸಿಕೊಂಡಿದ್ದೇವೆ.

ಗೆಂಡೆ ಜಾತಿಯ ಮೀನುಗಳ ಮಿಶ್ರ ಸಾಕಣೆಗೆ ಹೆಕ್ಟೇರಿಗೆ ಐದು ಸಾವಿರ ಮರಿ ಎಂಬುದು ಹಳೆಯ ಶಿಫಾರಸು. ಹೆಕ್ಟೇರು ಗಿಕ್ಟೇರು ನಮ್ಮ ತಲೆಗೆ ಹತ್ತುವುದಿಲ್ಲ. ಗುಂಟೆ ಲೆಕ್ಕಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಐವತ್ತು ಬರುತ್ತದೆ. ಗುಂಟೆಗೆ ಐವತ್ತು. ದಿನವೂ ಹೋಗಿ ನೋಡಿಕೊಳ್ಳುವವರು, ಮೇವು ತಪ್ಪಿಸದವರು ನೂರಕ್ಕೆ ಹೋಗಬಹುದು. ಶನಿವಾರ ಹೋಗಿ ಭಾನುವಾರ ಸಂಜೆ ನೈಸ್ ರಸ್ತೆ ಹಿಡಿಯುವವರು ಐವತ್ತನ್ನು ದಾಟಲೇಬಾರದು, ಇದು ನನ್ನ ಖಚಿತ ಅಭಿಪ್ರಾಯ.

ಇನ್ನು ಸಾವಿನ ವಿಷಯ. ನೀರು ಹಸಿರಾಗಿದೆ ಎಂದರೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತುಂಬಿದೆ ಎಂದು. ಬಿಸಿಲಿರುವ ತನಕ ಆ ಪಾಚಿ ಆಮ್ಲಜನಕ ತಯಾರಿಸಿ ನೀರಿಗೆ ಬಿಡುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಹೊಂಡದಲ್ಲಿ ಉಸಿರಿಗೆ ಬರವಿಲ್ಲ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಮೀನಿನ ಜೊತೆ ಸಾಲಿನಲ್ಲಿ ನಿಂತು ಉಸಿರಾಡಲು ಶುರುಮಾಡುತ್ತದೆ. ತಳದಲ್ಲಿ ಕೊಳೆಯುವ ಸಗಣಿ, ತಿನ್ನದೆ ಬಿಟ್ಟ ಮೇವು, ಉದುರಿದ ಎಲೆ ಇವಕ್ಕೂ ಪಾಲು ಬೇಕು. ಹಗಲಿನ ಉಳಿತಾಯವನ್ನು ರಾತ್ರಿಯಿಡೀ ಖರ್ಚು ಮಾಡಿ ಬೆಳಗಿನ ಜಾವ ನಾಲ್ಕೈದು ಗಂಟೆಗೆ ಪೆಟ್ಟಿಗೆ ಖಾಲಿಯಾಗುತ್ತದೆ. ಲೀಟರಿಗೆ ಐದು ಮಿಲಿಗ್ರಾಂ ಆಮ್ಲಜನಕವಿದ್ದರೆ ಮೀನು ನೆಮ್ಮದಿಯಾಗಿರುತ್ತದೆ, ಮೂರಕ್ಕಿಂತ ಕೆಳಗಿಳಿದರೆ ಮೇಲೆ ಬಂದು ಬಾಯಿ ತೆರೆಯುತ್ತದೆ. ಹೊಂಡದ ತುಂಬ ಬಾಯಿಗಳು ಪಚಪಚ ಅನ್ನುವುದನ್ನು ನೋಡಿ "ಹಸಿವಾಗಿದೆ ಪಾಪ" ಎಂದು ತೌಡು ಎರಚಿದವರನ್ನು ನಾನು ಬಲ್ಲೆ. ಉಸಿರಿಗೆ ಒದ್ದಾಡುವವನ ಬಾಯಿಗೆ ಮುದ್ದೆ ತುರುಕಿದ ಹಾಗೆ ಅದು.

ಬೆಂಗಳೂರಿನವರಿಗೆ ಇದರಲ್ಲೊಂದು ಹೆಚ್ಚಿನ ಕಷ್ಟವಿದೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. ಇಪ್ಪತ್ತು ಡಿಗ್ರಿಯಲ್ಲಿ ಲೀಟರಿಗೆ ಒಂಬತ್ತು ಮಿಲಿಗ್ರಾಂ ಹಿಡಿಯುವ ನೀರು ಮೂವತ್ತು ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಅದೂ ಸಮುದ್ರ ಮಟ್ಟದ ಲೆಕ್ಕ. ನಾವಿರುವುದು ಮೂರು ಸಾವಿರ ಅಡಿ ಎತ್ತರದಲ್ಲಿ. ಗಾಳಿಯ ಒತ್ತಡ ಇಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆ, ಹಾಗಾಗಿ ನೀರಿಗೆ ಸೇರುವ ಆಮ್ಲಜನಕವೂ ಅಷ್ಟೇ ಕಡಿಮೆ. ಆಂಧ್ರದ ಕೊಲ್ಲೇರು ಕಡೆಯ ಮೀನಿನ ಕೆರೆಗಳ ವಿಡಿಯೊ ನೋಡಿ ಇಲ್ಲಿ ಲೆಕ್ಕ ಹಾಕುವವರು ಇದನ್ನೂ ನಮ್ಮ ಡಿಸೆಂಬರ್ ಚಳಿಯನ್ನೂ ಮರೆಯುತ್ತಾರೆ. ನೀರು ತಣ್ಣಗಾದಾಗ ಮೀನಿಗೆ ಹಸಿವಿಲ್ಲ, ಹಸಿವಿಲ್ಲದಾಗ ಬೆಳವಣಿಗೆಯಿಲ್ಲ. ಅಲ್ಲಿನ ಎಂಟು ತಿಂಗಳು ಇಲ್ಲಿ ಹನ್ನೊಂದಾದರೂ ಆಶ್ಚರ್ಯಪಡಬೇಡಿ.

ಈಗ ಮಳೆಗೆ ಬನ್ನಿ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಹೊಂಡದ ಮೇಲಿನ ನೀರು ಕಾದು ಹಗುರವಾಗಿ ಮೇಲೇ ನಿಲ್ಲುತ್ತದೆ, ಕೆಳಗಿನ ನೀರು ತಣ್ಣಗೆ, ಭಾರವಾಗಿ, ಉಸಿರೇ ಇಲ್ಲದೆ ಬಿದ್ದಿರುತ್ತದೆ. ಎರಡೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ತಿಂಗಳುಗಟ್ಟಲೆ ಬೆರೆಯುವುದಿಲ್ಲ. ಹತ್ತಡಿ ಆಳದ, ಕಡಿದಾದ ಗೋಡೆಯ ಪಾಲಿಥಿನ್ ಹೊಂಡದಲ್ಲಂತೂ ಇದು ಇನ್ನೂ ಜಾಸ್ತಿ. ಸಂಜೆ ಗುಡುಗು ಮಳೆ ಬಂದು ತಣ್ಣನೆ ನೀರು ಮೇಲಿಂದ ಸುರಿದು ಕೆಳಕ್ಕಿಳಿದರೆ ತಳದ ಕೆಟ್ಟ ನೀರು ಮೇಲೇಳುತ್ತದೆ. ದಂಡೆಯಿಂದ ಕೊಚ್ಚಿಬಂದ ಗೊಬ್ಬರ, ಕಸ ಜೊತೆಗೆ ಸೇರುತ್ತದೆ. ಅದಕ್ಕೆ ಹಿಂದಿನ ದಿನವಿಡೀ ಮೋಡ ಕವಿದಿದ್ದರೆ ಪಾಚಿ ಏನೂ ದುಡಿದಿರುವುದಿಲ್ಲ. ಸಾಲದ್ದಕ್ಕೆ ಹೊಂಡದಲ್ಲಿ ಎಂಟೂವರೆ ಬಸ್ಸಿನಷ್ಟು ಮೀನು. ಬೆಳಗಾಗುವುದರೊಳಗೆ ಕಥೆ ಮುಗಿದಿರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದ ಚಿತ್ರ ನೆನಪಿರಬಹುದು. ಅಲ್ಲಿ ಕೊಳಚೆ ನೀರು ಮಾಡಿದ ಕೆಲಸವನ್ನು ನಮ್ಮ ಹೊಂಡಗಳಲ್ಲಿ ನಮ್ಮ ಆಸೆಯೇ ಮಾಡುತ್ತದೆ.

ಭಾವನ ಹೊಂಡದಲ್ಲೂ ಆದದ್ದು ಇದೇ. ಬಲೆ ಬೀಸಿದ ಮೇಲೂ ಅವರು ಹೆಚ್ಚು ಮೀನು ತೆಗೆಸಲಿಲ್ಲ, "ಇನ್ನೊಂಚೂರು ದಪ್ಪ ಆಗ್ಲಿ" ಅಂದರು. ಎರಡು ವಾರಕ್ಕೆ ಮಳೆ ಬಂತು. ಅಕ್ಕ ಬೆಳಿಗ್ಗೆ ಹೂ ಕೀಳಲು ಹೋದವಳು ನೋಡಿ ಕೂಗಿಕೊಂಡಳಂತೆ. ನಾನು ಬಸವೇಶ್ವರನಗರದಿಂದ ಹೋಗಿ ತಲುಪುವಷ್ಟರಲ್ಲಿ ಎಂಟು ಗಂಟೆ. ಬೆಳ್ಳಕ್ಕಿಗಳು ಸಾಲಾಗಿ ಕೂತಿದ್ದವು. ಪಂಪ್‌ಸೆಟ್ಟಿನ ಪೈಪನ್ನು ಕಲ್ಲಿನ ಮೇಲೆ ಎತ್ತಿಕಟ್ಟಿ, ಹೊಂಡದ ನೀರನ್ನೇ ಎಳೆದು ಎತ್ತರದಿಂದ ಹೊಂಡಕ್ಕೇ ಸುರಿಸಿದೆವು. ಇಬ್ಬರು ಹುಡುಗರು ಬಿದಿರಿನಿಂದ ನೀರು ಬಡಿದರು. ಬದುಕಿದ್ದವು ಆ ನೀರು ಬೀಳುವ ಜಾಗಕ್ಕೆ ಬಂದು ಗುಂಪುಗಟ್ಟಿದವು. ಆಗ ಮಾಡಬಹುದಾದದ್ದು ಅಷ್ಟೇ. ಇದರ ಜೊತೆಗೆ ಎರಡು ಮೂರು ದಿನ ಮೇವು ನಿಲ್ಲಿಸಬೇಕು, ಸಗಣಿ ಹಾಕಲೇಬಾರದು. ಬೋರ್‌ವೆಲ್ ನೀರು ಬಿಡುವುದಾದರೂ ಎತ್ತರದಿಂದ ಚಿಮ್ಮಿಸಿ ಬಿಡಿ. ನೆಲದಾಳದ ನೀರು ತಂಪಾಗಿರುತ್ತದೆಯೇ ಹೊರತು ಅದರಲ್ಲಿ ಆಮ್ಲಜನಕ ಇರುವುದಿಲ್ಲ.

ಸತ್ತ ಮೀನನ್ನು ಗುಂಡಿ ತೋಡಿ ಮುಚ್ಚಿದ ಮೇಲೆ ಭಾವ ಮೊದಲ ಬಾರಿಗೆ ಕೇಳಿದರು: "ಈಗ ಎಷ್ಟು ಬಿಡೋಣ, ಯಾವ್ದು ಬಿಡೋಣ?"

ಯಾವುದು ಎಂಬುದು ರುಚಿಕರವಾದ ಪ್ರಶ್ನೆ. ಹೊಂಡವನ್ನು ಮೂರಂತಸ್ತಿನ ಮನೆ ಎಂದುಕೊಳ್ಳಿ. ಕಾಟ್ಲಾ ಮೇಲಂತಸ್ತಿನದು, ಅದರ ಬಾಯಿ ಮೇಲಕ್ಕೆ ತಿರುಗಿದೆ, ಮೇಲ್ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುವಿನದು. ಮೃಗಾಲ್ ತಳದಲ್ಲಿ ಕೊಳೆತದ್ದನ್ನು ಹೆಕ್ಕುತ್ತದೆ. ಹತ್ತರಲ್ಲಿ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ತಳದ ಮೀನು ಎಂದು ಬಿಟ್ಟರೆ ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ಈ ಮೂರರ ಇನ್ನೊಂದು ದೊಡ್ಡ ಗುಣವೆಂದರೆ ಇವು ಹೊಂಡದಲ್ಲಿ ಮರಿ ಹಾಕುವುದಿಲ್ಲ. ಇವಕ್ಕೆ ಮಳೆಗಾಲದ ಹರಿಯುವ ಹೊಸನೀರು ಬೇಕು, ನಿಂತ ನೀರಿನಲ್ಲಿ ಬಸಿರು ಹೊತ್ತೇ ಕಾಲ ಕಳೆಯುತ್ತವೆ. ಹಾಗಾಗಿ ಒಂದು ಕಾಲದಲ್ಲಿ ಮರಿ ಬೇಕೆಂದರೆ ನದಿಗೇ ಹೋಗಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಗಳನ್ನು ನಿಂತ ನೀರಿನಲ್ಲೇ ಮೊಟ್ಟೆ ಇಡಿಸಿದರು. ನಾವಿಂದು ಪಾಲಿಥಿನ್ ಚೀಲದಲ್ಲಿ ಮರಿ ತರುತ್ತಿರುವುದು ಆ ಸೂಜಿಯ ದೆಸೆಯಿಂದ. ಜುಲೈ 10ನ್ನು ದೇಶ ಮೀನು ಕೃಷಿಕರ ದಿನವೆಂದು ಆಚರಿಸುವುದೂ ಅದಕ್ಕೇ. ಹೊಂಡದ ಯಜಮಾನನಿಗೆ ಈ ಬಂಜೆತನ ವರವೇ ಸರಿ. ನೂರು ಬಿಟ್ಟರೆ ನೂರಕ್ಕಿಂತ ಹೆಚ್ಚಾಗುವುದಿಲ್ಲ, ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ.

ಲೆಕ್ಕ ತಪ್ಪಿಸುವುದು ಜಿಲೇಬಿ. ಪೇಟೆಯಲ್ಲಿ ಜಿಲೇಬಿ ಮೀನು ಎಂದು ಮಾರುವ ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂತು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಪಾಯ ಕಂಡರೆ ಮರಿಗಳನ್ನೂ ಬಾಯೊಳಗೆ ಕರೆದುಕೊಳ್ಳುತ್ತದೆ. ಅಷ್ಟು ಜತನದಿಂದ ಸಾಕಿದ್ದು ಉಳಿಯದೆ ಇರುತ್ತದೆಯೆ? ಕೆಲವೇ ತಿಂಗಳಿಗೆ ಮರಿಗಳು ತಾಯಿಯಾಗುತ್ತವೆ. ಹತ್ತು ಜೋಡಿ ಬಿಟ್ಟು ಸುಮ್ಮನಿದ್ದರೆ ಎರಡನೇ ವರ್ಷ ಹೊಂಡದ ತುಂಬ ಬೆರಳುದ್ದದ ಮುದುಕ ಮೀನುಗಳು. ಮರಿ ಕೊಳ್ಳುವಾಗ ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಮೈಮೇಲೆ ಅಡ್ಡಪಟ್ಟೆ, ಬೆನ್ನುದ್ದಕ್ಕೂ ಮುಳ್ಳಿನ ರೆಕ್ಕೆ ಇದ್ದರೆ ಆ ಚೀಲ ಬೇಡ. ಸೇರಿಬಿಟ್ಟಿದ್ದರೆ ಹತ್ತಿಪ್ಪತ್ತು ಕೊರವ ಮೀನು ಬಿಡುವುದು ಹಳ್ಳಿಯವರ ಉಪಾಯ, ಅದು ಮರಿಗಳನ್ನು ಹಿಡಿದು ತಿನ್ನುತ್ತದೆ. ಆದರೆ ಗೆಂಡೆ ಮರಿ ಗೇಣುದ್ದ ಬೆಳೆದ ಮೇಲೆ ಬಿಡಬೇಕು, ಕೊರವಕ್ಕೆ ನಿಮ್ಮದು ಅದರದು ಎಂಬ ಭೇದವಿಲ್ಲ. "ಬೇಗ ಬೆಳೆಯುತ್ತೆ" ಎಂದು ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಕೊಡಲು ಬಂದರೆ ಗೇಟಿನಲ್ಲೇ ಕಳಿಸಿ. ಅದರ ಸಾಕಣೆಗೆ ನಿಷೇಧವಿದೆ, ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಅದು ಸೇರುವುದು ಊರ ಕೆರೆಗೆ.

ಸಾಮಾನ್ಯ ಗೆಂಡೆಯ ಕಥೆ ಸ್ವಲ್ಪ ಬೇರೆ. ಗಾಳಕ್ಕೆ ಬೇಗ ಬೀಳುತ್ತದೆ, ಹಾಗಾಗಿ ಹವ್ಯಾಸದವರಿಗೆ ಇಷ್ಟ. ಆದರೆ ಹೊಂಡದಲ್ಲೇ ಮೊಟ್ಟೆ ಇಡುತ್ತದೆ, ಮಣ್ಣಿನ ದಂಡೆಯನ್ನು ಮೂತಿಯಿಂದ ಕೆದಕಿ ನೀರು ರಾಡಿ ಮಾಡುತ್ತದೆ, ಇನ್ನೂ ದೊಡ್ಡದಾಗುವ ಮೊದಲೇ ಬಲಿತು ಬೆಳವಣಿಗೆ ನಿಲ್ಲಿಸಿಕೊಳ್ಳುತ್ತದೆ. ಈ ಕಷ್ಟಕ್ಕೆ ಪರಿಹಾರ ಹುಡುಕಿ ಹೆಸರಘಟ್ಟದಲ್ಲಿ ಹಂಗೆರಿಯಿಂದ ತಂದ ಅಮೂರ್ ತಳಿಯನ್ನು ಪರೀಕ್ಷಿಸಿದರು. ಅದು ತಡವಾಗಿ ಬಲಿಯುತ್ತದೆ, ಬೇಗ ಬೆಳೆಯುತ್ತದೆ. ಗೆಂಡೆ ಬೇಕೇ ಬೇಕು ಅನ್ನುವವರು ಅಮೂರ್ ಎಂದು ಕೇಳಿ ತನ್ನಿ. ಹೆಸರಘಟ್ಟ ನಮಗೆ ದೂರವೇನಲ್ಲ, ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ತಿರುಗಿದರಾಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಅಲ್ಲೇ ಇದೆ. ಫೋನಿನಲ್ಲಿ ವಿಡಿಯೊ ನೋಡುವ ಹೊತ್ತಿನಲ್ಲಿ ಒಮ್ಮೆ ಹೋಗಿ ಬರಬಹುದು.

ಕೆಂಗೇರಿ ಉಪನಗರದ ಓದುಗರೊಬ್ಬರು ಕಾವೇರಿಯ ಬಿಳಿಮೀನನ್ನು, ಅಂದರೆ ಮಹಶೀರ್ ಅನ್ನು, ತಮ್ಮ ಹೊಂಡದಲ್ಲಿ ಬಿಡಬಹುದೇ ಎಂದು ಕೇಳಿದ್ದರು. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನ ಫೋಟೊ ನೋಡಿದ ಯಾರಿಗಾದರೂ ಆ ಆಸೆ ಹುಟ್ಟುತ್ತದೆ. ಅದು ಹರಿಯುವ ನೀರಿನ, ಕಲ್ಲುಬಂಡೆಯ ನಡುವಿನ ಜೀವ, ಕಾವೇರಿಯ ಆ ತಳಿ ಈಗ ಅಳಿವಿನ ಅಂಚಿನಲ್ಲಿದೆ. ಅದನ್ನು ಹೊಳೆಗೇ ಬಿಡಿ ಎಂದೆ. ಅವರು ಬೇಜಾರು ಮಾಡಿಕೊಂಡರು.

ಹೊಂಡದ ಸಿದ್ಧತೆಯನ್ನು ಉದ್ದ ಬರೆಯುವುದಿಲ್ಲ. ಮರಿ ಬಿಡುವ ಎರಡು ವಾರ ಮೊದಲು ಗುಂಟೆಗೆ ಎರಡು ಎರಡೂವರೆ ಕೆಜಿ ಸುಣ್ಣ, ಒಂದು ವಾರದ ನಂತರ ಗುಂಟೆಗೆ ಇಪ್ಪತ್ತು ಕೆಜಿ ಹಸಿ ಸಗಣಿ, ಆಮೇಲೆ ತಿಂಗಳಿಗೆ ಹತ್ತು ಕೆಜಿ. ಪಾಲಿಥಿನ್ ಹೊದಿಸಿದ್ದರೆ ತಳಕ್ಕೆ ಅರ್ಧ ಅಡಿ ಮಣ್ಣು ಹಾಕಿ, ಬರೀ ಪ್ಲಾಸ್ಟಿಕ್ ಮೇಲೆ ಮೀನಿಗೆ ಮೇವು ಹುಟ್ಟುವುದಿಲ್ಲ. ಆ ಹೊಂಡಗಳ ಅಂಚು ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ, ಒಳಗೆ ಬಿದ್ದವರು ಹತ್ತಿ ಬರಲಾರದೆ ಮಕ್ಕಳು ದೊಡ್ಡವರು ಜೀವ ಕಳೆದುಕೊಂಡಿದ್ದಾರೆ. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ನಾಲ್ಕು ಕಡೆ ಇಳಿಬಿಡುವುದು ಮೀನಿಗಿಂತ ಮೊದಲಿನ ಕೆಲಸ. ಟೆರೇಸಿನ ತೊಟ್ಟಿಯಲ್ಲಿ ಸಾಕುವ ರಾಜಾಜಿನಗರದವರಿಗೆ ಒಂದು ಮಾತು: ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದೆರಡು ದಿನ ಬಿಸಿಲಿಗಿಟ್ಟು ಆಮೇಲೆ ಬಳಸಿ.

ಸಗಣಿ ಸಾಕೋ ಬೇಕೋ ತಿಳಿಯಲು ಯಂತ್ರ ಬೇಡ. ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ದಂಡೆಯಲ್ಲಿ ಕೂತು ಅಂಗೈಯನ್ನು ನೀರಿಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಾದರೆ ನೀರು ಹದವಾಗಿದೆ. ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಬರುವಷ್ಟರಲ್ಲೇ ಮಾಯವಾದರೆ ಪಾಚಿ ಅತಿಯಾಗಿದೆ, ಸಗಣಿ ನಿಲ್ಲಿಸಿ, ಸಾಧ್ಯವಾದರೆ ಒಂದಷ್ಟು ನೀರು ತೋಟಕ್ಕೆ ಹಾಯಿಸಿ ಹೊಸದು ತುಂಬಿ. ತೆಂಗಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ರಟ್ಟೆಯವರೆಗೆ ಇಳಿಸಿದರೂ ಬೆರಳೆಣಿಸಬಹುದಾದರೆ ನೀರು ತೆಳುವಾಗಿದೆ, ಮೀನು ಹಸಿದಿದೆ. ನೋಡಲು ಚೆಂದದ ತಿಳಿನೀರು ಮೀನಿನ ಪಾಲಿಗೆ ಖಾಲಿ ಪಾತ್ರೆ. ಹಸಿರು ನೀರನ್ನು ಕಂಡು "ಗಲೀಜು" ಎನ್ನುವ ನೆಂಟರಿಗೆ ಇದನ್ನು ತಿಳಿಹೇಳುವಷ್ಟರಲ್ಲಿ ಭಾವನಿಗೆ ಸಾಕಾಗಿದೆ.

ನೆಂಟರ ಇನ್ನೊಂದು ಕಾಟ ಬ್ರೆಡ್ಡು. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಪುರಿ ಹಾಕಿ ಬಂದವರೆಲ್ಲ ನಮ್ಮ ಹೊಂಡವನ್ನೂ ಪುಣ್ಯಕ್ಷೇತ್ರ ಮಾಡುತ್ತಾರೆ. ತುಂಗೆ ಹರಿಯುತ್ತಾಳೆ, ಹೊಂಡ ಹರಿಯುವುದಿಲ್ಲ. ತಿನ್ನದೆ ಮುಳುಗಿದ ಪ್ರತಿ ತುಣುಕೂ ತಳದಲ್ಲಿ ಕೊಳೆತು ಬೆಳಗಿನ ಜಾವದ ಉಸಿರಿಗೆ ಪಾಲುದಾರನಾಗುತ್ತದೆ. ಭಾವ ಈಗ ಆಂಧ್ರದವರ ಒಂದು ಉಪಾಯ ಹಿಡಿದಿದ್ದಾರೆ. ಖಾಲಿ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು, ಕೆಳಭಾಗಕ್ಕೆ ಸೂಜಿಯಿಂದ ತೂತು ಮಾಡಿ, ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸಮಸಮ ತುಂಬಿ ಬಿದಿರಿನ ಗಳುವಿಗೆ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಮೀನುಗಳು ಬಂದು ತೂತಿಗೆ ಮೂತಿ ಹಚ್ಚಿ ಎಳೆಯುತ್ತವೆ, ಗಳು ಅಲ್ಲಾಡುತ್ತದೆ. ಎರಡು ಗಂಟೆಯ ನಂತರ ಚೀಲ ಎತ್ತಿ ಒಳಗೆ ಕೈ ಹಾಕುತ್ತಾರೆ. ಉಳಿದಿದ್ದರೆ ನಾಳೆ ಕಡಿಮೆ. ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಮೂರು ಪಾಲು ಎಂಬುದು ಪುಸ್ತಕದ ಲೆಕ್ಕ, ಗಳು ಅಲ್ಲಾಡುವುದು ನಿಂತದ್ದು ಭಾವನ ಲೆಕ್ಕ. ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ.

ಇಷ್ಟೆಲ್ಲ ಮಾಡಿಯೂ ಹೆಚ್ಚಿನವರು ತಪ್ಪುವುದು ಹಿಡಿಯುವ ವಿಷಯದಲ್ಲಿ. ಬಿಡುವಾಗ ಧಾರಾಳ, ತೆಗೆಯುವಾಗ ಜಿಪುಣತನ. ಗಾಳ ಹಾಕಿ ಹಿಡಿದ ಮೀನನ್ನು ಫೋಟೊ ತೆಗೆದು ಮತ್ತೆ ನೀರಿಗೆ ಬಿಡುವುದು ಈಗ ಸಭ್ಯತೆಯಾಗಿದೆ. ನದಿಯಲ್ಲಿ ಅದು ಸರಿ. ಐದು ಗುಂಟೆಯ ಹೊಂಡದಲ್ಲಿ ಬೆಳೆದ ಮೀನು ಹೊರಗೆ ಬಂದರೇ ಹಿಂದಿನದಕ್ಕೆ ಜಾಗ. ನಮ್ಮ ನಾಡಿನ ದೊರೆಗಳಿಗೆ ಇದು ಹೊಸ ವಿಷಯವಾಗಿರಲಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಎಂಥದ್ದು ಎಂದೆಲ್ಲ ಅಲ್ಲಿದೆ. ರಾಜ್ಯಭಾರದ ನಡುವೆ ದಾರದ ಬಗ್ಗೆ ಬರೆಯಲು ಪುರುಸೊತ್ತು ಮಾಡಿಕೊಂಡ ರಾಜನ ಮೇಲೆ ನನಗೆ ಬಹಳ ಅಕ್ಕರೆ. ನಮ್ಮ ಮೇವು ಅಷ್ಟು ರಾಜೋಚಿತವಲ್ಲ. ರಾತ್ರಿಯ ರಾಗಿಮುದ್ದೆ ಉಳಿದಿದ್ದರೆ ಗೋಲಿಯಷ್ಟು ಉಂಡೆ ಮಾಡಿ ಕೊಕ್ಕೆಗೆ ಸಿಕ್ಕಿಸಿದರಾಯಿತು. ಗೆಂಡೆಗೂ ರೋಹುಗೂ ಅದು ಸಾಕು. ಜಿಲೇಬಿಗೆ ಎರೆಹುಳು. ಕಾಟ್ಲಾ ಸುಲಭಕ್ಕೆ ಬೀಳುವುದಿಲ್ಲ, ಅದಕ್ಕೆ ಬಲೆಯೇ ಗತಿ. ಗಾಳವನ್ನೇ ನಂಬಿದರೆ ಹೊಂಡದಲ್ಲಿ ಕಾಟ್ಲಾ ಮಾತ್ರ ಉಳಿಯುತ್ತದೆ ಎಂಬುದನ್ನೂ ನೆನಪಿಡಿ.

ಎರಡನೇ ಸಲ ಭಾವ ಬಿಟ್ಟದ್ದು ಇನ್ನೂರೈವತ್ತು. ಜುಲೈನಲ್ಲಿ, ಬೆಳಗಿನ ತಂಪಿನಲ್ಲಿ, ಚೀಲವನ್ನು ಇಪ್ಪತ್ತು ನಿಮಿಷ ಹೊಂಡದ ನೀರಿನಲ್ಲಿ ತೇಲಿಬಿಟ್ಟು, ಬಾಯಿ ಬಿಚ್ಚಿ, ಮರಿಗಳು ತಾವಾಗಿ ಈಜಿಹೋಗುವವರೆಗೆ ಕಾದರು. ಬೆರಳುದ್ದದವನ್ನೇ ಆರಿಸಿ ತಂದಿದ್ದರು, ಅದಕ್ಕಿಂತ ಚಿಕ್ಕದಾದರೆ ಮಿಂಚುಳ್ಳಿಗೂ ನೀರುಕಾಗೆಗೂ ಉಪಾಹಾರ. ಅಕ್ಕನ ಹಳೆಯ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ತಾರೀಖು, ಸಂಖ್ಯೆ ಬರೆದಿಟ್ಟರು. ಗಾಳಕ್ಕೆ ಬಿದ್ದದ್ದು, ಸತ್ತು ತೇಲಿದ್ದು, ನೆಂಟರಿಗೆ ಕೊಟ್ಟದ್ದು ಎಲ್ಲ ಅಲ್ಲೇ.

ಯುಗಾದಿಯ ಮರುದಿನ ಹೊಸತೊಡಕು. ಅವತ್ತು ನಮ್ಮ ಕಡೆ ಮನೆಮನೆಯಲ್ಲೂ ಮಟನ್ ಸಾರಿನ ಘಮ, ಅಂಗಡಿ ಮುಂದೆ ಬೆಳಗಿನ ಐದಕ್ಕೇ ಸಾಲು. ಭಾವ ಆ ವರ್ಷ ಮಟನ್ ಬೇಡವೆಂದರು. ಬೇಸಿಗೆ ಬಲಿಯುವ ಮೊದಲು, ಮೊದಲ ಮಳೆಗೆ ಮುಂಚೆ ಹೊಂಡ ಹಗುರವಾಗಬೇಕೆಂದು ಎರಡು ತಿಂಗಳ ಹಿಂದೆಯೇ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರು. ಅದೇ ಹಿರಿಯರು ಬಂದರು, ಅದೇ ಬಲೆ. ಈ ಸಲ ಎಳೆಯುವಾಗ ಕೈ ಜಗ್ಗಿತು. ಮೊದಲ ಕಾಟ್ಲಾ ತಕ್ಕಡಿಯಲ್ಲಿ ಎಂಟುನೂರು ಗ್ರಾಂ ತೋರಿಸಿತು. ಹಿರಿಯರು ಅದರ ಬೆನ್ನ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಏನೂ ಹೇಳದೆ ಬುಟ್ಟಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ತೊಂಬತ್ತು ಮೀನು ಹೊರಗೆ ಬಂದಿದ್ದವು. ಒಂದಷ್ಟು ನೆಂಟರಿಗೆ, ಒಂದಷ್ಟು ಹಳ್ಳಿಯವರಿಗೆ, ಉಳಿದದ್ದು ಅಕ್ಕನ ಒಲೆಯ ಮೇಲೆ ಹುಣಸೆಹುಳಿ ಕುದಿಯುತ್ತಿದ್ದ ಮಣ್ಣಿನ ಮಡಕೆಗೆ.

ಹತ್ತು ದಿನಕ್ಕೆ ಗುಡುಗಿ ಮಳೆ ಬಂತು. ಬೆಳಗಿನ ಜಾವ ನಾಲ್ಕೂವರೆಗೆ ಫೋನು. ಎದೆ ಧಸಕ್ಕೆಂದಿತು. ಭಾವ ಕೊಡೆ ಹಿಡಿದು ಟಾರ್ಚ್ ಬಿಟ್ಟುಕೊಂಡು ದಂಡೆಯಲ್ಲಿ ನಿಂತಿದ್ದರಂತೆ. "ಒಂದ್ ಬಾಯೂ ಮೇಲೆ ಕಾಣ್ತಿಲ್ಲ ಕಣಪ್ಪಾ. ಎಲ್ಲ ಕೆಳಗೇ ಅವೆ ಅಂತೀಯಾ, ಇಲ್ಲಾ ಯಾವನಾದ್ರೂ ಹಿಡ್ಕೊಂಡು ಹೋಗವ್ನೆ ಅಂತೀಯಾ?"